ತುಣುಕು ನೂಲಿನ ಕುರಿಮರಿ

ಓದತಕ್ಕ ಭಾಗ: ಯೋಹಾನನ ಸುವಾರ್ತೆ 6ನೆಯ ಅಧ್ಯಾಯ, 1ರಿಂದ 13ನೆಯ ವಚನದ ವರೆಗೆ; ಮತ್ತು 39ನೆಯ ವಚನ.



ನಾವು ಇದನ್ನು ಬರೆಯುತ್ತಿರುವಾಗ ನಮ್ಮ ಮೇಜಿನ ಮೇಲೆ ಒಂದು ಕುರಿಮರಿ ನಿಂತದೆ. ಅದು ಹುಲ್ಲು ಮೇಯುವದಿಲ್ಲ, ಕೂಗುವದೂ ಇಲ್ಲ. ಅಂಗೈಯ ಮೇಲೆ ನಿಲ್ಲಿಸಬಹುದಾದಷ್ಟು ಚಿಕ್ಕದು. ಉಲ್ಲನ್ ನೂಲಿನ ತುಣುಕುಗಳನ್ನು ಕ್ರೋಶಾ ಕಡ್ಡಿಯಿಂದ ಹೆಣೆದು, ಒಳಗೆ ಹತ್ತಿ ತುಂಬಿ ಮಾಡಿದ ಆಟಿಕೆ ಅದು. ಅದರ ಮುಖ ಕಪ್ಪು, ಕುತ್ತಿಗೆ ಬಿಳಿ, ಎದೆ ಬೂದಿಬಣ್ಣ, ನಡು ನೀಲಿ, ಹಿಂಭಾಗ ಹಸುರು. ಕಾಲುಗಳು ನಾಲ್ಕೂ ನಾಲ್ಕು ಬಣ್ಣ. ಮೂತಿ ಮಾತ್ರ ಚೆನ್ನಾದ ಕೆಂಪು. ಇದರ ಒಡೆಯನು ಏಳು ವರುಷದ ಒಬ್ಬ ಹುಡುಗನು. ಈ ಬರಹಕ್ಕಾಗಿ ಒಂದು ಹಗಲಿನ ಮಟ್ಟಿಗೆ ಅದನ್ನು ಸಾಲವಾಗಿ ಕೊಟ್ಟಿದ್ದಾನೆ. ದೀಪ ಹಚ್ಚುವದರೊಳಗೆ ಹಿಂದಕ್ಕೆ ಮುಟ್ಟಿಸಬೇಕೆಂದು ಕಟ್ಟಪ್ಪಣೆಯಾಗಿದೆ.

ಮಕ್ಕಳ ಆಟಿಕೆಗೂ ದೇವರ ವಾಕ್ಯಕ್ಕೂ ಏನು ಸಂಬಂಧವೆಂದು ಯಾರಾದರೂ ಕೇಳಾರು. ನಮ್ಮ ಕರ್ತನು ಹಿಟ್ಟಿಗೆ ಹಾಕುವ ಹುಳಿಯನ್ನೂ, ಹಳೆಯ ವಸ್ತ್ರಕ್ಕೆ ಹಚ್ಚುವ ತೇಪೆಯನ್ನೂ, ಮನೆ ಗುಡಿಸಿ ನಾಣ್ಯವನ್ನು ಹುಡುಕುವ ಹೆಂಗಸನ್ನೂ ತೋರಿಸಿ ಪರಲೋಕರಾಜ್ಯದ ಸಂಗತಿಗಳನ್ನು ಕಲಿಸಿದನಲ್ಲವೋ? ಆದಕಾರಣ ಈ ಕುರಿಮರಿಯೂ ಈ ತಿಂಗಳು ನಮಗೆ ಒಂದು ಪಾಠವನ್ನು ಹೇಳಲಿ. ಅದು ನಿಮಗಿಂತ ಮೊದಲು ನಮಗೇ ಬೇಕಾಗಿದ್ದ ಪಾಠವು. ಯಾಕೆಂಬದು ಮುಂದೆ ತಿಳಿಯುವದು.

ಕ್ರೋಶಾ ಎಂಬದು ತುದಿಯಲ್ಲಿ ಸಣ್ಣ ಕೊಕ್ಕೆಯುಳ್ಳ ಒಂದೇ ಕಡ್ಡಿಯಿಂದ ಮಾಡುವ ಕೆಲಸವೆಂದು ನಮ್ಮ ಸಹೋದರಿಯರು ಬಲ್ಲರು. ಎರಡು ಕಡ್ಡಿಗಳಿಂದ ಸ್ವೆಟರ್ ಹೆಣೆಯುವಾಗ ಹತ್ತಾರು ಕುಣಿಕೆಗಳು ಒಮ್ಮೆಗೇ ಕಡ್ಡಿಯ ಮೇಲೆ ಸಾಲಾಗಿ ನಿಂತಿರುತ್ತವೆ. ಕ್ರೋಶಾದಲ್ಲಿ ಹಾಗಲ್ಲ. ಒಂದೊಂದು ಹೆಣಿಗೆ ಮುಗಿದಾಗಲೂ ಕಡ್ಡಿಯ ಮೇಲೆ ಉಳಿಯುವದು ಒಂದೇ ಕುಣಿಕೆ. ಹಿಂದೆ ಹೆಣೆದದ್ದೆಲ್ಲವೂ ಆ ಒಂದು ಕುಣಿಕೆಯ ಆಧಾರದಲ್ಲಿ ನಿಂತಿರುವದು. ಕಡ್ಡಿಯನ್ನು ತೆಗೆದು ನೂಲಿನ ಕೊನೆಯನ್ನು ಎಳೆದರೆ ಒಂದೊಂದಾಗಿ ಎಲ್ಲವೂ ಬಿಚ್ಚಿಕೊಳ್ಳುತ್ತದೆ. ಬಿಚ್ಚುವಾಗ ಕೊನೆಗೆ ಹೆಣೆದದ್ದು ಮೊದಲು ಹೋಗುವದು, ಮೊದಲು ಹೆಣೆದದ್ದು ಕೊನೆಗೆ ಹೋಗುವದು. ಈ ಮಾತನ್ನು ನೆನಪಿನಲ್ಲಿಡಿರಿ.

ಈ ಕೈಗೆಲಸವು ಬಡವರ ಹೊಟ್ಟೆಗೆ ಅನ್ನವಾದ ಚರಿತ್ರೆಯೂ ಉಂಟು. ಐರ್ಲೆಂಡ್ ದೇಶದಲ್ಲಿ 1845ರಲ್ಲಿ ಬಟಾಟೆಯ ಬೆಳೆಗೆ ರೋಗ ತಗಲಿ ಕೆಲವು ವರುಷಗಳ ವರೆಗೆ ಮಹಾಕ್ಷಾಮವುಂಟಾದಾಗ, ಕನ್ಯಾಮಠಗಳಲ್ಲಿಯೂ ಶಾಲೆಗಳಲ್ಲಿಯೂ ಹೆಂಗಸರಿಗೂ ಹುಡುಗಿಯರಿಗೂ ಕ್ರೋಶಾ ಲೇಸನ್ನು ಕಲಿಸಿದರು. ಅದನ್ನು ಮಾರಿ ಎಷ್ಟೋ ಮನೆಗಳು ಬದುಕಿಕೊಂಡವು. ನಮ್ಮ ನೆರೆಯ ಆಂಧ್ರದೇಶದ ನರಸಾಪುರದ ಸುತ್ತಲಿನ ಹಳ್ಳಿಗಳಿಗೆ 19ನೆಯ ಶತಮಾನದಲ್ಲಿ ಮಿಶನರಿ ಮನೆಗಳವರಿಂದ ಈ ಕೆಲಸವು ಬಂತು. ಮೊದಲು ಇದನ್ನು ಕಲಿತವರು ಬಡ ಕ್ರೈಸ್ತ ಹೆಂಗಸರು; ಆಮೇಲೆ ಒಕ್ಕಲುತನದ ಮನೆಗಳ ಸ್ತ್ರೀಯರೂ ಅದೇ ಕೊಕ್ಕೆಯನ್ನು ಕೈಯಲ್ಲಿ ಹಿಡಿದರು. ಮರಿಯಾ ಮೀಸ್ ಎಂಬ ಜರ್ಮನ್ ವಿದುಷಿಯು 1982ರಲ್ಲಿ ಆ ಹೆಂಗಸರ ವಿಷಯವಾಗಿ ಒಂದು ಪುಸ್ತಕವನ್ನು ಪ್ರಕಟಿಸಿದಳು. ಅವರು ಹೆಣೆದ ಲೇಸು ಕಡಲಾಚೆಯ ದೇಶಗಳಿಗೆ ಹೋಗುತ್ತಿದ್ದರೂ ಅವರ ಕೈಗೆ ಬರುತ್ತಿದ್ದ ಕೂಲಿ ಬಹು ಅಲ್ಪವಾಗಿತ್ತೆಂದೂ, ಅವರ ದುಡಿಮೆಯನ್ನು ಮನೆಯಲ್ಲಿ ಕೂತವರ ಹೊತ್ತುಗಳೆಯುವ ಕೆಲಸವೆಂದು ಎಣಿಸುತ್ತಿದ್ದರೆಂದೂ ಆಕೆ ಬರೆದಿದ್ದಾಳೆ. ಹೆಂಗಸರ ಕೈಗೆಲಸವನ್ನು ಹಗುರವಾಗಿ ಕಾಣುವ ನಾವೆಲ್ಲರೂ ಇದನ್ನು ಕೇಳಿ ನಾಚಿಕೊಳ್ಳತಕ್ಕದ್ದು. ಯೊಪ್ಪ ಊರಿನ ದೊರ್ಕಳು ಸತ್ತಾಗ ಅವಳ ಒಳ್ಳೇತನಕ್ಕೆ ಸಾಕ್ಷಿಯಾಗಿ ವಿಧವೆಯರು ತೋರಿಸಿದ್ದು ಏನನ್ನು? ಅವಳು ಮಾಡಿಕೊಟ್ಟಿದ್ದ ಅಂಗಿಗಳನ್ನೂ ಹೊದಿಕೆಗಳನ್ನೂ ತೋರಿಸಿ ಅತ್ತರು. ಪೇತ್ರನು ಅವುಗಳನ್ನು ಹಗುರವಾಗಿ ಕಾಣಲಿಲ್ಲ.

ಇನ್ನು ನಮ್ಮ ಕುರಿಮರಿಯ ಕಥೆಗೆ ಬರೋಣ.

ಕಳೆದ ಮಳೆಗಾಲದ ಕೊನೆಯಲ್ಲಿ ನಮ್ಮ ಸಭೆಯ ಹಿರಿಯರೊಬ್ಬರ ಮೊಮ್ಮಗನು ಹುಣಸೇಮರದಿಂದ ಬಿದ್ದು ಕಾಲು ಮುರಿದುಕೊಂಡನು. ಪಟ್ಟಣದ ಆಸ್ಪತ್ರೆಯಲ್ಲಿ ಕಾಲಿಗೆ ಪ್ಲಾಸ್ಟರ್ ಹಾಕಿ, ಹಲವು ವಾರ ಮಲಗಿಯೇ ಇರಬೇಕೆಂದು ಹೇಳಿ ಕಳುಹಿಸಿದರು. ಓಡಾಡುವ ಹುಡುಗನು ಮಂಚಕ್ಕೆ ಅಂಟಿಕೊಂಡರೆ ಮನೆಯವರ ಪಾಡು ಏನೆಂಬದನ್ನು ತಾಯಂದಿರು ಬಲ್ಲರು. ಆಗ ಗುರುವಾರದ ಸ್ತ್ರೀಯರ ಕೂಟದಲ್ಲಿ ಆ ಮಗುವಿಗಾಗಿ ಪ್ರಾರ್ಥನೆಯಾದ ಮೇಲೆ, ಅವನಿಗೆ ಒಂದು ಆಟಿಕೆಯನ್ನೂ ಮಾಡಿಕೊಡೋಣವೆಂಬ ಮಾತು ಬಂತು. ನಮ್ಮ ಸಭೆಯಲ್ಲಿ ಹಿರಿಯ ತಾಯಿಯೊಬ್ಬರಿದ್ದಾರೆ. ಹಿಂದೆ ಶಾಲೆಯಲ್ಲಿ ಕಲಿಸಿದ್ದರಿಂದ ಅವರನ್ನು ಇಂದಿಗೂ ಎಲ್ಲರೂ ಅಕ್ಕೋರು ಎಂದೇ ಕರೆಯುತ್ತಾರೆ. ಅವರು ಹುಡುಗಿಯಾಗಿದ್ದಾಗ ಬೋರ್ಡಿಂಗಿನಲ್ಲಿ ಕ್ರೋಶಾ ಕಲಿತವರು. "ಹೊಸ ನೂಲು ಬೇಡ. ಮುಂದಿನ ಗುರುವಾರ ಒಬ್ಬೊಬ್ಬರೂ ಮನೆಯಲ್ಲಿ ಉಳಿದುಬಿದ್ದ ತುಣುಕು ತನ್ನಿರಿ" ಎಂದು ಅವರು ಹೇಳಿದರು.

ಹೇಳಿದ ದಿನ ಬುಟ್ಟಿಯೊಂದನ್ನು ನಡುವೆ ಇಟ್ಟರು. ಒಬ್ಬಾಕೆ ತೀರಿಹೋದ ಗಂಡನ ಮಫ್ಲರನ್ನು ಬಿಚ್ಚಿ ಬೂದಿಬಣ್ಣದ ನೂಲನ್ನು ತಂದಳು. ಇನ್ನೊಬ್ಬಾಕೆ ಮಗನು ತೊಡದೆ ಬಿಟ್ಟ ಶಾಲೆಯ ಸ್ವೆಟರಿನ ನೀಲಿಯನ್ನು ತಂದಳು. ಮತ್ತೊಬ್ಬಳು ತನ್ನ ಕೂಸಿಗೆ ದೀಕ್ಷಾಸ್ನಾನದ ದಿನ ತೊಡಿಸಿದ್ದ ಕುಲಾವಿಯಲ್ಲಿ ಉಳಿದಿದ್ದ ಬಿಳಿಯನ್ನು ತಂದಳು. ಇಂದು ಅಂಗಡಿಯಲ್ಲಿ ಉಲ್ಲನ್ ಎಂದು ಮಾರುವದರಲ್ಲಿ ಬಹುಭಾಗವು ಕುರಿಯ ಉಣ್ಣೆಯಲ್ಲ, ಅಕ್ರಿಲಿಕ್ ನೂಲು. ಆದರೂ ಮನೆಯ ನೆನಪು ಅದಕ್ಕೂ ಅಂಟಿಕೊಳ್ಳುತ್ತದೆ. ಎಲ್ಲರ ಹಿಂದೆ ಕೆಳಗಿನ ಓಣಿಯ ಕೊನೆಯ ಮನೆಯ ಸಹೋದರಿಯು ಬಂದು ಬಾಗಿಲ ಬಳಿಯಲ್ಲೇ ನಿಂತಳು. ಅವಳ ಕೈಯಲ್ಲಿ ಕೆಂಪು ನೂಲಿನ ಒಂದು ಸಣ್ಣ ಉಂಡೆಯಿತ್ತು, ನಿಂಬೇಹಣ್ಣಿಗಿಂತ ದೊಡ್ಡದಲ್ಲ.

ಮೇಲಿನ ಓಣಿ ಕೆಳಗಿನ ಓಣಿ ಎಂಬ ಮಾತಿನ ಅರ್ಥವನ್ನು ನಮ್ಮ ಓದುಗರಿಗೆ ಬಿಡಿಸಿ ಹೇಳಬೇಕಾದದ್ದಿಲ್ಲ. ನಮ್ಮ ಅಜ್ಜಂದಿರು ಬೇರೆ ಬೇರೆ ಓಣಿಗಳಿಂದ ಬಂದು ಒಂದೇ ಹೆಸರಿನಲ್ಲಿ ದೀಕ್ಷಾಸ್ನಾನ ಹೊಂದಿದರು. ಆದರೂ ಓಣಿಯು ಕೆಲವರ ಮನಸ್ಸಿನಿಂದ ಇನ್ನೂ ಹೊರಗೆ ಹೋಗಿಲ್ಲ. ಆ ದಿನ ಹುಡುಗನ ಅಜ್ಜಿಯು ಕೆಂಪು ಉಂಡೆಯನ್ನು ನೋಡಿ, "ಅದನ್ನು ಬೇರೆ ಇಡಿರಿ. ತೊಳೆದ ಮೇಲೆ ನೋಡೋಣ" ಎಂದರು. ಬೇರೆ ಯಾರ ನೂಲನ್ನೂ ತೊಳೆಯಬೇಕೆಂದು ಅವರು ಹೇಳಿರಲಿಲ್ಲ.

ಪ್ರಿಯರೇ, ಆಗ ನಾವು ಅದೇ ಕೋಣೆಯಲ್ಲಿದ್ದೆವು. ಕಾಣಿಕೆಯ ಲೆಕ್ಕದ ಪುಸ್ತಕವು ನಮ್ಮ ಮುಂದೆ ತೆರೆದಿತ್ತು. ನಾವು ಆ ಮಾತನ್ನು ಕೇಳಿದೆವು; ಬಾಗಿಲಲ್ಲಿ ನಿಂತವಳ ಮುಖವನ್ನೂ ಕಂಡೆವು. ತಲೆಯನ್ನು ತಗ್ಗಿಸಿ ಮತ್ತೊಮ್ಮೆ ಲೆಕ್ಕವನ್ನು ಕೂಡಿಸಿದೆವು. ಲೆಕ್ಕವು ಮೊದಲೇ ಸರಿಯಾಗಿತ್ತು.

ಅಕ್ಕೋರು ಮಾತ್ರ ಎದ್ದು ಬಾಗಿಲಿಗೆ ಹೋಗಿ ಆ ಉಂಡೆಯನ್ನು ಕೈಯಲ್ಲಿ ತೆಗೆದುಕೊಂಡು, ಸಹೋದರಿಯನ್ನು ಕೈಹಿಡಿದು ಒಳಗೆ ಕರತಂದು ತಮ್ಮ ಪಕ್ಕದಲ್ಲಿ ಕುಳ್ಳಿರಿಸಿದರು. ಯಾರಿಗೂ ಏನೂ ಹೇಳಲಿಲ್ಲ. ಕೆಂಪು ನೂಲಿನಿಂದಲೇ ಕೆಲಸವನ್ನು ಆರಂಭಿಸಿದರು.

ಆ ಕೆಲಸದ ಕ್ರಮವನ್ನು ಇಲ್ಲಿ ಬರೆಯುತ್ತೇವೆ. ಯಾಕಂದರೆ ಬೇರೆ ಊರಿನ ಸಹೋದರಿಯರೂ ಮಾಡಬಯಸಬಹುದು. ಮೊದಲು ನೂಲನ್ನು ಬೆರಳಿಗೆ ಸುತ್ತಿ ಒಂದು ಉಂಗುರವನ್ನು ಮಾಡಿ, ಅದರೊಳಗೆ 6 ಹೆಣಿಗೆ ಹಾಕಿ, ನೂಲಿನ ತುದಿಯನ್ನು ಜಗ್ಗಿದರೆ ಉಂಗುರವು ತೂತಿಲ್ಲದೆ ಮುಚ್ಚಿಕೊಳ್ಳುವದು. ಎರಡನೆಯ ಸುತ್ತಿನಲ್ಲಿ ಪ್ರತಿಯೊಂದರಲ್ಲಿ ಎರಡೆರಡು ಹಾಕಿದರೆ 12 ಆಗುವದು. ಮೂರನೆಯ ಸುತ್ತಿನಲ್ಲಿ ಒಂದನ್ನು ಬಿಟ್ಟು ಒಂದರಲ್ಲಿ ಎರಡು ಹಾಕಿದರೆ 18. ನಾಲ್ಕನೆಯದರಲ್ಲಿ ಎರಡನ್ನು ಬಿಟ್ಟು ಮೂರನೆಯದರಲ್ಲಿ ಎರಡು ಹಾಕಿದರೆ 24. ಆ ಮೇಲೆ ಹೆಚ್ಚಿಸದೆ ಕೆಲವು ಸುತ್ತು ಹೆಣೆದರೆ ತಲೆಯು ದುಂಡಾಗುವದು. ಎರಡು ಹೆಣಿಗೆಗಳನ್ನು ಒಂದಾಗಿ ಕೂಡಿಸುತ್ತಾ 12ಕ್ಕೆ ಇಳಿಸಿದರೆ ಕುತ್ತಿಗೆ. ಅಲ್ಲಿ ತಲೆಗೆ ಹತ್ತಿ ತುಂಬಿ, ಪುನಃ 30ರ ವರೆಗೆ ಏರಿಸಿ ಮೈಯನ್ನು ಹೆಣೆದು, ಇಳಿಸುತ್ತಾ ಬಂದು, ಬಾಯಿ ಮುಚ್ಚುವದಕ್ಕೆ ಮೊದಲು ಮೈಯನ್ನೂ ತುಂಬಬೇಕು. ಹೀಗೆ ಮೂತಿಯಿಂದ ಬಾಲದ ವರೆಗೆ ಒಂದೇ ಹೆಣಿಗೆಯಾಗಿ ಸಾಗುವದು. ಕಾಲುಗಳನ್ನೂ ಕಿವಿಗಳನ್ನೂ ಬೇರೆ ಹೆಣೆದು ಹೊಲಿಯುವರು.

ಸುತ್ತುಗಳು ಶಂಖದ ಸುತ್ತಿನಂತೆ ಒಂದರ ಮೇಲೊಂದು ನಿಲ್ಲದೆ ಹೋಗುವದರಿಂದ, ಸುತ್ತು ಎಲ್ಲಿ ಆರಂಭವಾಯಿತೆಂದು ತಿಳಿಯಲು ಬೇರೆ ಬಣ್ಣದ ಒಂದು ಚಿಕ್ಕ ಎಳೆಯನ್ನು ಗುರುತಾಗಿ ಸಿಕ್ಕಿಸಬೇಕು. ಎಣಿಕೆ ತಪ್ಪಿದರೆ ಮುಂದೆ ಸರಿಪಡಿಸುವೆನೆಂದು ಸಾಗಬಾರದು. ತಪ್ಪಿದ ಸ್ಥಳದ ವರೆಗೆ ಬಿಚ್ಚಬೇಕು. ಬಿಚ್ಚಿದ ನೂಲು ಹಾಳಾಗುವದಿಲ್ಲ, ಅದರಿಂದಲೇ ಪುನಃ ಹೆಣೆಯಬಹುದು. ನೂಲು ತೆಳ್ಳಗಿದ್ದರೆ ಎರಡೆಳೆ ಕೂಡಿಸಿ ದಪ್ಪ ನೂಲಿಗೆ ಸರಿಮಾಡಬೇಕು. ಬಣ್ಣ ಬದಲಿಸುವಾಗ ಹಳೆಯ ನೂಲಿನ ಹೆಣಿಗೆಯ ಕೊನೆಯ ಎಳೆತವನ್ನು ಹೊಸ ನೂಲಿನಿಂದ ಮಾಡಬೇಕು. ಆಗ ಒಂದನ್ನೊಂದು ಹಿಡಿದುಕೊಂಡು ಸೇರುವಿಕೆಯು ಕಾಣದಂತಾಗುವದು. ಹೆಣಿಗೆಯು ಬಿಗಿಯಾಗಿರಬೇಕು, ಇಲ್ಲವಾದರೆ ಸಂದಿನಿಂದ ಹತ್ತಿ ಹೊರಗೆ ಇಣಕುವದು. ಕಣ್ಣುಗಳಿಗೆ ಗುಂಡಿಯನ್ನಾಗಲಿ ಮಣಿಯನ್ನಾಗಲಿ ಹಾಕದೆ ದಾರದಿಂದಲೇ ಹೊಲಿಯಿರಿ; ಕೂಸುಗಳು ಕಿತ್ತು ನುಂಗಿದರೆ ಪ್ರಾಣಕ್ಕೆ ಅಪಾಯ.

ಕೆಂಪು ನೂಲು ಮೊದಲಿನ ಮೂರು ಸುತ್ತುಗಳಿಗೆ ಸಾಕಾಯಿತು. ಆ ಮೇಲೆ ಕಪ್ಪು, ಬಿಳಿ, ಬೂದಿ, ನೀಲಿ, ಹಸುರು ಒಂದರ ಹಿಂದೊಂದು ಅದೇ ಕೊಕ್ಕೆಯ ಮೇಲೆ ಬಂದವು. ಚಿತ್ರಗಳಲ್ಲಿರುವ ಕುರಿಮರಿಯು ಬೆಳ್ಳಗಿರುತ್ತದೆ. ನಮ್ಮ ಸೀಮೆಯ ಕಂಬಳಿಯ ಕುರಿಗಳು ಹೆಚ್ಚಾಗಿ ಕಪ್ಪು. ಇದಾದರೋ ಅಂಥದೂ ಅಲ್ಲ, ಇಂಥದೂ ಅಲ್ಲ. ಮಂಚದಲ್ಲಿದ್ದ ಹುಡುಗನು ಅದನ್ನು ಕಂಡು, ಮುರಿದ ಕಾಲನ್ನು ಮರೆತು ನಕ್ಕನು. ಕೆಂಪು ಮೂತಿಯನ್ನು ಹಿಡಿದುಕೊಂಡೇ ಆ ರಾತ್ರಿ ನಿದ್ದೆಹೋದನೆಂದು ಅವನ ತಾಯಿ ಹೇಳಿದಳು.

ಎರಡು ಗುರುವಾರಗಳಾದ ಮೇಲೆ ಹುಡುಗನ ಅಜ್ಜಿಯು ಆ ಕುರಿಮರಿಯನ್ನು ಸೆರಗಿನಲ್ಲಿ ಮರೆಮಾಡಿ ತಂದು, "ಅಕ್ಕೋರೇ, ಎಲ್ಲಾ ಚೆನ್ನಾಗಿದೆ. ಮೂತಿಯನ್ನು ಮಾತ್ರ ತೆಗೆದು ಕಪ್ಪು ಮಾಡಿಕೊಡಿರಿ" ಎಂದರು. ಅಕ್ಕೋರು ಕುರಿಮರಿಯನ್ನು ತಿರುಗಿಸಿ ನೋಡಿ ಮೆಲ್ಲಗೆ, "ತಂಗೀ, ಅದು ಮೊದಲನೆಯ ಸುತ್ತು. ಅದನ್ನು ತೆಗೆಯಬೇಕಾದರೆ ಕುರಿಯನ್ನೆಲ್ಲಾ ಬಿಚ್ಚಬೇಕು. ಕತ್ತರಿಸಿದರೆ ತೂತಾಗುತ್ತದೆ, ಹತ್ತಿ ಹೊರಗೆ ಬರುತ್ತದೆ. ಹೇಳು, ಬಿಚ್ಚಲೋ?" ಎಂದು ಕೇಳಿದರು. ಅಜ್ಜಿಯು ಬಹಳ ಹೊತ್ತು ಸುಮ್ಮನೆ ಕೂತಿದ್ದು, ಕುರಿಮರಿಯನ್ನು ಹಿಂದಕ್ಕೆ ತೆಗೆದುಕೊಂಡು ಹೋದರು.

ಈ ಮಾತು ನಮ್ಮ ಕಿವಿಗೆ ಬಿದ್ದ ರಾತ್ರಿ ನಮಗೆ ನಿದ್ದೆ ಬರಲಿಲ್ಲ. ದೀಪ ಹಚ್ಚಿ ಸತ್ಯವೇದವನ್ನು ತೆರೆದು, ಎಷ್ಟೋ ಸಾರಿ ಪ್ರಸಂಗ ಮಾಡಿದ್ದ ಐದು ರೊಟ್ಟಿಗಳ ಸಂಗತಿಯನ್ನೇ ಪುನಃ ಓದಿದೆವು.

ಈ ಸಂಗತಿಯನ್ನು ಎಲ್ಲರೂ ಬಲ್ಲಿರಿ. ಗಂಡಸರೇ ಸುಮಾರು ಐದು ಸಾವಿರ ಮಂದಿ ಕೂಡಿದ್ದರು. ಒಬ್ಬ ಹುಡುಗನಲ್ಲಿ ಐದು ಜವೆಗೋದಿಯ ರೊಟ್ಟಿಗಳೂ ಎರಡು ಮೀನುಗಳೂ ಇದ್ದವು. ಜವೆಗೋದಿಯ ರೊಟ್ಟಿಯು ಬಡವರ ಊಟ. ಕರ್ತನು ಅದನ್ನು ಎಲ್ಲಿಂದ ಬಂತೆಂದು ವಿಚಾರಿಸದೆ ತನ್ನ ಕೈಯಲ್ಲಿ ತೆಗೆದುಕೊಂಡು ಸ್ತೋತ್ರಮಾಡಿ ಹಂಚಿದನು. ಎಲ್ಲರೂ ಹೊಟ್ಟೆತುಂಬಾ ತಿಂದ ಮೇಲೆ, ಏನೂ ನಷ್ಟವಾಗದಂತೆ ಉಳಿದ ತುಣುಕುಗಳನ್ನು ಕೂಡಿಸಿರೆಂದು ಶಿಷ್ಯರಿಗೆ ಅಪ್ಪಣೆಕೊಟ್ಟನು. ಹನ್ನೆರಡು ಪುಟ್ಟಿಗಳು ತುಂಬಿದವು. ಇಷ್ಟರ ವರೆಗೆ ನಾವು ಈ ಭಾಗದಿಂದ ದೇವರ ಶಕ್ತಿಯನ್ನೂ, ಮಿತವ್ಯಯವನ್ನೂ ಬೋಧಿಸಿದ್ದೆವು. ಆ ರಾತ್ರಿ ಬೇರೊಂದು ಪ್ರಶ್ನೆಯು ನಮ್ಮ ಮುಂದೆ ನಿಂತಿತು. ಆ ತುಣುಕುಗಳು ಯಾರ ಕೈಯಿಂದ ಉಳಿದವುಗಳು?

ಆ ಗುಂಪಿನಲ್ಲಿ ಎಂಥೆಂಥವರೋ ಇದ್ದರು. ರೋಗಿಗಳ ಮೇಲೆ ಆತನು ಮಾಡಿದ ಅದ್ಭುತಗಳನ್ನು ಕಂಡು ಹಿಂದೆ ಬಂದವರೆಂದು ಸುವಾರ್ತಿಕನು ಹೇಳುತ್ತಾನೆ. ಯಾರ ಕೈ ಶುದ್ಧ, ಯಾರ ಕೈ ಅಶುದ್ಧ ಎಂಬದಾಗಿ ಕಟ್ಟುನಿಟ್ಟಿನ ವಿಧಿಗಳಿದ್ದ ದೇಶವದು. ಶಿಷ್ಯರು ಹುಲ್ಲಿನ ಮೇಲೆ ಬಗ್ಗಿ ತುಣುಕುಗಳನ್ನು ಆರಿಸುವಾಗ ಇದು ಇಂಥವನ ತುಣುಕು, ಇದನ್ನು ಬೇರೆ ಪುಟ್ಟಿಗೆ ಹಾಕೆಂದು ಕರ್ತನು ಹೇಳಲಿಲ್ಲ. ಪುಟ್ಟಿಯೊಳಗೆ ಬಿದ್ದ ಮೇಲೆ ಯಾವ ತುಣುಕು ಯಾರದೆಂದು ಹೇಳಬಲ್ಲವರು ಯಾರು? ಅವೆಲ್ಲವೂ ಕರ್ತನ ಕೈಯಿಂದ ಬಂದ ರೊಟ್ಟಿಯೇ ಆಗಿದ್ದವು.

ಇನ್ನೊಂದು ಸಂಗತಿಯುಂಟು. ಅದೇ ಅಧ್ಯಾಯದ 39ನೆಯ ವಚನದಲ್ಲಿ, ತಂದೆಯು ತನಗೆ ಕೊಟ್ಟವರಲ್ಲಿ ಒಬ್ಬರನ್ನೂ ಕಳಕೊಳ್ಳಬಾರದೆಂಬದೇ ತಂದೆಯ ಚಿತ್ತವೆಂದು ಕರ್ತನು ತಿಳಿಸುತ್ತಾನೆ. ಮೂಲ ಗ್ರೀಕ್ ಭಾಷೆಯಲ್ಲಿ ರೊಟ್ಟಿಯ ತುಣುಕುಗಳ ವಿಷಯವಾಗಿಯೂ ಮನುಷ್ಯರ ವಿಷಯವಾಗಿಯೂ ಇರುವದು ಒಂದೇ ಕ್ರಿಯಾಪದ, ಅಪೊಲ್ಲುಮಿ ಎಂಬದು. ಕಳೆದುಹೋಗು, ನಷ್ಟವಾಗು, ನಾಶವಾಗು ಎಂಬ ಅರ್ಥಗಳೆಲ್ಲಾ ಅದಕ್ಕುಂಟು. ಲೂಕನ ಸುವಾರ್ತೆಯ 15ನೆಯ ಅಧ್ಯಾಯದಲ್ಲಿ ನೂರರಲ್ಲಿ ಒಂದಾಗಿ ತಪ್ಪಿಹೋದ ಕುರಿಗೂ ಅದೇ ಪದ. ಹುಲ್ಲಿನ ಮೇಲಿನ ತುಣುಕನ್ನು ಬಿಡದವನು ಅಡವಿಯ ಕುರಿಯನ್ನು ಬಿಡುವನೋ? ಕುರಿಯನ್ನು ಬಿಡದವನು ಬಾಗಿಲಲ್ಲಿ ನಿಂತ ಸಹೋದರಿಯನ್ನು ಬಿಡುವನೋ? ಆಕೆಯನ್ನು ಕರ್ತನು ಬಿಡಲಿಲ್ಲ. ಲೆಕ್ಕದ ಪುಸ್ತಕದಲ್ಲಿ ತಲೆಯಿಟ್ಟ ನಾವು ಬಿಟ್ಟೆವು.

ಬಣ್ಣ ನೋಡಿ ಹಿಂಡನ್ನು ಬೇರ್ಪಡಿಸಿದವನೊಬ್ಬನು ಆದಿಕಾಂಡದ 30ನೆಯ ಅಧ್ಯಾಯದಲ್ಲಿದ್ದಾನೆ. ಯಾಕೋಬನ ಮಾವನಾದ ಲಾಬಾನನು ಚುಕ್ಕೆ ಮಚ್ಚೆಗಳುಳ್ಳವುಗಳನ್ನೂ ಕಪ್ಪು ಕುರಿಗಳನ್ನೂ ಆರಿಸಿ, ತನ್ನ ಮಕ್ಕಳ ವಶಕ್ಕೆ ಕೊಟ್ಟು, ಮೂರು ದಿನಗಳ ಪ್ರಯಾಣದಷ್ಟು ದೂರವಿರಿಸಿದನು. ನಮ್ಮ ಮೇಲಿನ ಓಣಿಗೂ ಕೆಳಗಿನ ಓಣಿಗೂ ನಡುವೆ ಇರುವದು ನೂರು ಹೆಜ್ಜೆ. ಆದರೆ ಮೂರು ತಲೆಮಾರುಗಳಿಂದ ನಾವು ಆ ನೂರು ಹೆಜ್ಜೆಯನ್ನು ದಾಟಿ ಮುಗಿಸಿಲ್ಲ. ಲಾಬಾನನ ಲೆಕ್ಕವು ನಿಲ್ಲಲಿಲ್ಲವೆಂಬದನ್ನು ಸಹ ನೆನಪಿಗೆ ತಂದುಕೊಳ್ಳಿರಿ. ದೇವರು ಆಶೀರ್ವದಿಸಿ ಹೆಚ್ಚಿಸಿದ್ದು ಆ ಚುಕ್ಕೆ ಮಚ್ಚೆಗಳ ಹಿಂಡನ್ನೇ.

ಮರುದಿನ ಸಾಯಂಕಾಲ ನಾವು ಕೆಳಗಿನ ಓಣಿಯ ಕೊನೆಯ ಮನೆಗೆ ಹೋದೆವು. ಈ ಸಭೆಯಲ್ಲಿ ನಾವು ಉಪದೇಶಿಗಳಾಗಿ 11 ವರುಷಗಳಾದವು. ಆ ಮನೆಯ ಅಂಗಳದಲ್ಲಿ ನಿಂತು ಪ್ರಾರ್ಥನೆ ಮಾಡಿದ್ದುಂಟು. ಹೊಸ್ತಿಲು ದಾಟಿ ಕೂತದ್ದಿಲ್ಲ, ಒಂದು ತಂಬಿಗೆ ನೀರನ್ನೂ ಕುಡಿದದ್ದಿಲ್ಲ. ಯಾರೂ ಬೇಡವೆಂದಿರಲಿಲ್ಲ. ಮೇಲಿನ ಓಣಿಯವರು ಏನನ್ನುವರೋ ಎಂಬ ಅಂಜಿಕೆ ನಮ್ಮೊಳಗಿತ್ತು. ಅದಕ್ಕೆ ನಾವು ವಿವೇಕವೆಂದು ಹೆಸರಿಟ್ಟಿದ್ದೆವು. ಆ ದಿನ ಒಳಗೆ ಹೋಗಿ ಕೂತು, "ತಾಯೀ, ಆ ಗುರುವಾರ ನಾವು ಮಾತಾಡಬೇಕಾಗಿತ್ತು. ಮಾತಾಡಲಿಲ್ಲ. ಅದು ಪಾಪ. ಕ್ಷಮಿಸಬೇಕು" ಎಂದೆವು. ಆಕೆ ತಲೆಯೆತ್ತದೆ ಒಲೆಯ ಬೆಂಕಿಯನ್ನು ಸರಿಮಾಡುತ್ತಾ, "ಅಯ್ಯನವರೇ, ಆ ನೂಲನ್ನು ತೊಳೆದೇ ತಂದಿದ್ದೆ" ಎಂದಳು. ಅಷ್ಟೇ. ಆಮೇಲೆ ಚಹಾ ಮಾಡಿ ಕೊಟ್ಟಳು, ನಾವು ಕುಡಿದೆವು.

ಪ್ರಿಯರೇ, ನಾವು ಬಹಳ ಪ್ರಸಂಗಗಳನ್ನು ಕೇಳಿದ್ದೇವೆ, ಮಾಡಿಯೂ ಇದ್ದೇವೆ. ಆ ಒಂದು ಮಾತಿನಷ್ಟು ಆಳಕ್ಕೆ ಇಳಿದದ್ದು ಬೇರೊಂದಿಲ್ಲ. ಆಕೆ ನೂಲನ್ನು ತೊಳೆದು ಒಣಗಿಸಿ, ಸುತ್ತಿ, ಎಲ್ಲರಿಗಿಂತ ಹಿಂದೆ ಬಂದು, ಬಾಗಿಲಲ್ಲಿ ನಿಂತದ್ದು ಯಾಕೆ? ಇಂಥ ಮಾತು ಬಂದೀತೆಂದು ಆಕೆಗೆ ಮೊದಲೇ ಗೊತ್ತಿತ್ತು. ಗೊತ್ತಿದ್ದರೂ ಮಗುವಿಗಾಗಿ ತಂದಳು.

ಹಾಗಾದರೆ ಇದರಿಂದ ನಾವು ಕಲಿಯತಕ್ಕದ್ದೇನು?

ಮೊದಲನೆಯದಾಗಿ, ಕರ್ತನು ಕೂಡಿಸಿರೆಂದು ಹೇಳಿದ್ದನ್ನು ಬೇರ್ಪಡಿಸುವ ಅಧಿಕಾರವು ನಮಗಿಲ್ಲ. ನಮ್ಮ ಮನೆಯ ನೂಲು ಉದ್ದವಾಗಿರಬಹುದು, ನೆರೆಯವನದು ಗಿಡ್ಡವಾಗಿರಬಹುದು. ನಮ್ಮದು ದಪ್ಪ, ಅವನದು ತೆಳ್ಳಗಿರಬಹುದು. ತೆಳ್ಳಗಿರುವದಕ್ಕೆ ಇನ್ನೊಂದೆಳೆಯನ್ನು ಜೊತೆಗೂಡಿಸುವರೇ ಹೊರತು ಎಸೆಯುವದಿಲ್ಲ. ಎಲ್ಲಾ ನೂಲುಗಳೂ ಒಂದೇ ಕೊಕ್ಕೆಯ ಮೇಲೆ, ಒಂದೇ ಕುಣಿಕೆಯ ಮೂಲಕ ಹಾದುಬರಬೇಕು. ಹೆಣಿಗೆಗೆ ಎರಡನೆಯ ಬಾಗಿಲಿಲ್ಲ. ಸಭೆಗೂ ಒಬ್ಬನೇ ಕ್ರಿಸ್ತನು ಬಾಗಿಲು. ದೀಕ್ಷಾಸ್ನಾನ ಹೊಂದಿದವರು ಕ್ರಿಸ್ತನನ್ನೇ ವಸ್ತ್ರದಂತೆ ತೊಟ್ಟುಕೊಂಡವರೆಂದು ಪೌಲನು ಗಲಾತ್ಯದವರಿಗೆ ಬರೆದನು. ಕ್ರಿಸ್ತನನ್ನು ತೊಟ್ಟುಕೊಂಡವನನ್ನು ಮುಟ್ಟಲು ಹಿಂಜರಿಯುವವನು ಯಾರಿಂದ ಹಿಂಜರಿಯುತ್ತಾನೆಂಬದನ್ನು ಯೋಚಿಸಲಿ.

ಎರಡನೆಯದಾಗಿ, ನಾವು ತೆಗೆಯಬೇಕೆನ್ನುವದು ಅನೇಕ ವೇಳೆ ಮೊದಲನೆಯ ಸುತ್ತೇ ಆಗಿರುತ್ತದೆ. ಎಷ್ಟೋ ಊರುಗಳಲ್ಲಿ ಸುವಾರ್ತೆಯನ್ನು ಮೊದಲು ಅಂಗೀಕರಿಸಿ, ಹೊಡೆತ ತಿಂದು, ಬಾವಿಯ ನೀರು ಸಿಕ್ಕದೆ, ಕೂಲಿ ಸಿಕ್ಕದೆ, ಆದರೂ ನಂಬಿಕೆಯನ್ನು ಬಿಡದೆ ನಿಂತವರು ಕೆಳಗಿನ ಓಣಿಯವರೇ. ಆಮೇಲೆ ಬಂದ ನಮ್ಮ ಸುತ್ತುಗಳೆಲ್ಲಾ ಅವರ ಮೇಲೆ ಹೆಣೆದವುಗಳು. ಅವರನ್ನು ಕತ್ತರಿಸಿ ತೆಗೆದರೆ ಸಭೆಯಲ್ಲಿ ತೂತಾಗುವದು. ಒಳಗಿರುವದೆಲ್ಲಾ ಹೊರಗೆ ಬೀಳುವದು.

ಮೂರನೆಯದಾಗಿ, ತಪ್ಪಿದ ಸ್ಥಳದ ವರೆಗೆ ಬಿಚ್ಚಲು ನಾಚಬೇಡಿರಿ. ತಪ್ಪಿದ ಎಣಿಕೆಯ ಮೇಲೆ ಎಷ್ಟು ಚಂದವಾಗಿ ಹೆಣೆದರೂ ಕುರಿಯು ಸೊಟ್ಟಗಾಗುವದು. ನಾವು 11 ವರುಷಗಳಷ್ಟು ಬಿಚ್ಚಬೇಕಾಯಿತು. ಬಿಚ್ಚುವಾಗ ದುಃಖವಾಯಿತು, ಆದರೆ ನೂಲು ಹಾಳಾಗಲಿಲ್ಲ. ಪಶ್ಚಾತ್ತಾಪಪಡುವವನನ್ನು ದೇವರು ಎಸೆದುಬಿಡದೆ ಅದೇ ನೂಲಿನಿಂದ ಪುನಃ ಹೆಣೆಯುತ್ತಾನೆ. ಇದೇ ಸುವಾರ್ತೆ.

ಇದನ್ನು ಅಚ್ಚಿಗೆ ಕಳುಹಿಸುವದಕ್ಕೆ ಮೊದಲು ಮೂವರು ಸಹೋದರಿಯರ ಒಪ್ಪಿಗೆಯನ್ನೂ ಕೇಳಿದೆವು. ಅಕ್ಕೋರು ತಮ್ಮ ವಿಷಯವನ್ನು ಕಡಿಮೆ ಬರೆಯಿರೆಂದರು. ಕೆಳಗಿನ ಓಣಿಯ ಸಹೋದರಿಯು ತನ್ನ ಹೆಸರು ಬೇಡವೆಂದಳು. ಹುಡುಗನ ಅಜ್ಜಿಯ ಬಳಿಗೆ ಅಂಜುತ್ತಲೇ ಹೋದೆವು. ಅವರು ಬಹಳ ಹೊತ್ತು ನೆಲವನ್ನು ನೋಡಿ, "ಬರೆಯಿರಿ ಉಪದೇಶಿಗಳೇ. ಆದರೆ ನಾನಾಡಿದ ಮಾತನ್ನು ಬಿಟ್ಟುಬಿಡಬೇಡಿರಿ. ಹಾಗೆಯೇ ಬರೆಯಿರಿ" ಎಂದರು. ಆದಕಾರಣ ಹಾಗೆಯೇ ಬರೆದಿದ್ದೇವೆ. ಓದುವವರಲ್ಲಿ ಯಾರೂ ಅವರನ್ನು ತೂಗಿನೋಡಬೇಡಿರಿ. ಅವರಷ್ಟು ಧೈರ್ಯ ನಮ್ಮಲ್ಲಿ ಎಷ್ಟು ಮಂದಿಗುಂಟು?

ನಮ್ಮಲ್ಲಿ ಎಲ್ಲವೂ ಸರಿಯಾಯಿತೆಂದು ನಾವು ಹೇಳುವದಿಲ್ಲ. ಕೂಟದಲ್ಲಿ ಇನ್ನೂ ಗೋಡೆಯ ಕಡೆಗೆ ಸರಿದು ಕೂರುವವರುಂಟು. ಬರುವ ಕ್ರಿಸ್ಮಸ್ಸಿಗೆ ಸಂಡೇಸ್ಕೂಲಿನ ಪ್ರತಿ ಮಗುವಿಗೂ ಒಂದೊಂದು ಕುರಿಮರಿಯನ್ನು ಮಾಡಬೇಕೆಂದು ಸಹೋದರಿಯರು ತೊಡಗಿದ್ದಾರೆ. ಎಲ್ಲಾ ಮನೆಗಳ ನೂಲೂ ಒಂದೇ ಬುಟ್ಟಿಗೆ ಬೀಳತಕ್ಕದ್ದೆಂದು ನಿಶ್ಚಯವಾಗಿದೆ. ಹಳೆಯ ಸ್ವೆಟರು ಬಿಚ್ಚಿದ ನೂಲು ಗುಂಗುರಾಗಿರುವದರಿಂದ ತೊಳೆದು ನೀಟಮಾಡಬೇಕಾಗುತ್ತದೆ. ಆದಕಾರಣ ಬುಟ್ಟಿಯನ್ನು ಹಾಗೆಯೇ ಹಳ್ಳಕ್ಕೆ ಹೊತ್ತು, ಎಲ್ಲರ ನೂಲನ್ನೂ ಎಲ್ಲರೂ ಕೂಡಿ ತೊಳೆಯುತ್ತಾರೆ. ಕಳೆದ ಶನಿವಾರ ಬುಟ್ಟಿಯ ಒಂದು ಬದಿಯನ್ನು ಹುಡುಗನ ಅಜ್ಜಿ ಹಿಡಿದಿದ್ದರು. ಇನ್ನೊಂದು ಬದಿಯನ್ನು ಕೆಳಗಿನ ಓಣಿಯ ಸಹೋದರಿ ಹಿಡಿದಿದ್ದಳು. ಇಬ್ಬರೂ ಹೆಚ್ಚು ಮಾತಾಡಲಿಲ್ಲ. ಬುಟ್ಟಿಯು ಭಾರವಾಗಿತ್ತು.

ಈ ತಿಂಗಳು ನಿಮ್ಮ ಊರಿನಲ್ಲಿಯೂ ಒಂದು ಬುಟ್ಟಿಯನ್ನು ನಡುವೆ ಇಡಿರಿ. ನೂಲು ಇಲ್ಲದವರು ಹತ್ತಿಯನ್ನು ತನ್ನಿರಿ; ಹತ್ತಿಯೂ ಇಲ್ಲದವರು ಬಂದು ಕೂಡಿರಿ. ಬಾಗಿಲಲ್ಲಿ ಯಾರಾದರೂ ನಿಂತಿದ್ದರೆ ಉಪದೇಶಿಯು ಎದ್ದುಹೋಗಿ ಕೈಹಿಡಿದು ಒಳಗೆ ಕರೆಯಲಿ. ಲೆಕ್ಕದ ಪುಸ್ತಕವನ್ನು ಆಮೇಲೆ ನೋಡಬಹುದು. ಕರ್ತನ ಭೋಜನಕ್ಕೆ ಬರುವ ಮೊದಲು ಒಬ್ಬೊಬ್ಬನೂ ತನ್ನ ಮನೆಯಿಂದ ನೂರು ಹೆಜ್ಜೆ ನಡೆದು, ಈ ವರೆಗೆ ನೀರು ಕುಡಿಯದ ಮನೆಯಲ್ಲಿ ನೀರು ಕೇಳಿ ಕುಡಿಯಲಿ.

ಪರಲೋಕದ ತಂದೆಯೇ, ನಾವು ನಿನ್ನ ಕೈಯಲ್ಲಿರುವ ತುಣುಕುಗಳು. ಒಂದು ತುಣುಕನ್ನೂ ಕಳಕೊಳ್ಳಲು ಮನಸ್ಸಿಲ್ಲದ ನಿನ್ನ ಮಗನ ಹೃದಯವನ್ನು ನಮಗೆ ಅನುಗ್ರಹಿಸು. ನಾವು ಬೇರೆ ಇಟ್ಟವರನ್ನು ನೀನು ಮೊದಲನೆಯ ಸುತ್ತಿನಲ್ಲಿ ಇಟ್ಟಿದ್ದೀ ಎಂಬದನ್ನು ಕಾಣುವ ಕಣ್ಣುಗಳನ್ನು ಕೊಡು. ಮಾತಾಡಬೇಕಾದಾಗ ಸುಮ್ಮನಿದ್ದ ನಮ್ಮ ಪಾಪವನ್ನು ಯೇಸು ಕ್ರಿಸ್ತನ ನಿಮಿತ್ತ ಕ್ಷಮಿಸು. ಆಮೆನ್.

ಹೊತ್ತು ಮುಳುಗಿತು. ಕುರಿಮರಿಯನ್ನು ಅದರ ಒಡೆಯನಿಗೆ ಮುಟ್ಟಿಸಬೇಕು.